ಚೆಂಡುಹೂವಿನ ಹಿಂದಿದ್ದ ಕಟಕಟೆ

ವಸ್ತುಸಂಗ್ರಹಾಲಯದ ಮಾನ್ಯ ಆಡಳಿತಾಧಿಕಾರಿಗಳೇ,

ನಿಮ್ಮ ಸಂಗ್ರಹಾಲಯವಿರುವ ಹಳೆಯ ವಾಡೆಯ ಮಹಡಿಯಲ್ಲಿ ಕಟಕಟೆ ಮುರಿದು ನನ್ನ ಹೆಂಡತಿ ಸತ್ತಳು. ಆ ಜಾಗಕ್ಕೆ ಹೊಸ ಹಲಗೆ ಹಾಕಿಸಿ, ಉಳಿದದ್ದಕ್ಕೆಲ್ಲ ಬಣ್ಣ ಬಳಿಸಿ ನೀವು ಮತ್ತೆ ಜನರನ್ನು ಅದೇ ಮಹಡಿಗೆ ಹತ್ತಿಸುತ್ತಿದ್ದೀರಿ. ಮರಾಠಿಯಲ್ಲಿ ನಿಮಗೆ ಬರೆದ ದೂರುಗಳಿಗೆ ಉತ್ತರ ಬರಲಿಲ್ಲ. ಆದ್ದರಿಂದ ಈಗ ನನ್ನ ಭಾಷೆಯಲ್ಲಿ, ಎಲ್ಲರಿಗೂ ಕಾಣುವಂತೆ ಬರೆಯುತ್ತಿದ್ದೇನೆ. ಬೆಳಗಾವಿ, ಹುಬ್ಬಳ್ಳಿ ಕಡೆಯಿಂದ ಬಸ್ಸು ಮಾಡಿಕೊಂಡು ನಿಮ್ಮ ವಾಡೆ ನೋಡಲು ಬರುವವರು ಕಡಿಮೆಯಿಲ್ಲ. ನೀವು ಓದದಿದ್ದರೂ ಅವರು ಓದಲಿ. ಊರಿನ ಹೆಸರು ಮಾತ್ರ ಬರೆಯುವುದಿಲ್ಲ. ಪುಣೆ ಹತ್ತಿರದ ಭೋರ್ ದಾಟಿ ಬರುವ ಆ ಸಣ್ಣ ಊರಿನ ಜನ ನನಗೆ ಕೆಟ್ಟದ್ದು ಮಾಡಿಲ್ಲ.

ನನ್ನ ಹೆಂಡತಿ ಶಿವಬಸವ್ವನಿಗೆ ಹಳೆಯ ಕಟ್ಟಡಗಳ ಹುಚ್ಚು. ಪುಣೆಯ ಕೋಥರೂಡದ ನಮ್ಮ ಸೊಸೈಟಿಯ ಹೆಂಗಸರು ಮಾಲ್‌ಗಳಿಗೆ ಹೊರಟರೆ ಇವಳು ಸಮಾಧಿ, ಕೋಟೆ, ಮ್ಯೂಸಿಯಂ ಎಂದು ಹೊರಡುತ್ತಿದ್ದಳು. ನಿಮ್ಮ ಸ್ಮಾರಕ ಸಪ್ತಾಹದ ಜಾಹೀರಾತನ್ನು ಪತ್ರಿಕೆಯಲ್ಲಿ ನೋಡಿದವಳೇ ನನ್ನನ್ನೂ ಮಗಳು ನೀತಾಳನ್ನೂ ಎಬ್ಬಿಸಿಕೊಂಡು ಬಂದಳು. ಕತ್ತಿ, ಪಲ್ಲಕ್ಕಿ, ರಾಣಿಯ ತೊಟ್ಟಿಲು ಎಲ್ಲ ನೋಡಿ ಮಹಡಿ ಹತ್ತಿದೆವು. ಅಂಗಳದ ಕಡೆಯ ಕಟಕಟೆಗೆ ಉದ್ದಕ್ಕೂ ಚೆಂಡುಹೂವಿನ ಮಾಲೆ ಸುತ್ತಿದ್ದಿರಿ. ‘ಇಲ್ಲಿ ಫೋಟೋ ತೆಗೆದುಕೊಳ್ಳಿ’ ಎಂಬ ಫಲಕವನ್ನೂ ನಿಲ್ಲಿಸಿದ್ದಿರಿ.

“ನೀತಾ, ನಂದೊಂದು ಫೋಟೋ ತಗಿ. ನಿಮ್ಮಪ್ಪಗ ಕೊಡಬ್ಯಾಡ, ತಲಿನೇ ಬಿಟ್ಟು ತಗೀತಾರ” ಎಂದು ನಕ್ಕಳು. ಸೆರಗು ಸರಿಮಾಡಿಕೊಂಡು ಹೂವಿನ ಮೇಲೆ ಕೈಯಿಟ್ಟು ಒರಗಿದಳು. ಹೂವು ಹೋಯಿತು, ಹಿಂದಿನ ಮರ ಹೋಯಿತು, ಅವಳೂ ಹೋದಳು. ಕೆಳಗೆ ಕಲ್ಲಿನ ಅಂಗಳ.

ನಾನು ಮೆಟ್ಟಿಲಿಳಿದು ಬರುವಷ್ಟರಲ್ಲಿ ಬಾಗಿಲ ಬಳಿ ಚಹಾ ಮಾರುವ ಗೋದಾ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಅಳುತ್ತ ಮರಾಠಿಯಲ್ಲಿ ಒಂದೇ ಮಾತು ಹೇಳುತ್ತಿದ್ದಳು: “ಸಾಂಗಿತ್ಲಂ ಹೋತಂ ಹೋ, ಕಿತೀದಾ ಸಾಂಗಿತ್ಲಂ!” ಹೇಳಿದ್ದೆವು, ಎಷ್ಟು ಸಲ ಹೇಳಿದ್ದೆವು ಎಂದು. ಸಪ್ತಾಹಕ್ಕೆ ಅಷ್ಟೊಂದು ಹೂವು ತರಿಸಿದ ನಿಮಗೆ ಒಂದು ಆ್ಯಂಬುಲೆನ್ಸ್ ನಿಲ್ಲಿಸಿಕೊಳ್ಳುವುದು ಹೊಳೆದಿರಲಿಲ್ಲ. ತರಕಾರಿ ಟೆಂಪೋದಲ್ಲಿ ಕರೆದುಕೊಂಡು ಹೋದೆವು. ಪುಣೆ ಮುಟ್ಟುವ ಮೊದಲೇ ನೀತಾ, “ಅಪ್ಪಾ, ಅವ್ವನ ಕೈ ತಣ್ಣಗಾಗ್ಯಾವ” ಅಂದಳು.

ದಿನಕರ್ಮ ಮುಗಿದ ಮೇಲೆ ಗೋದಾಳನ್ನು ಹುಡುಕಿಕೊಂಡು ಹೋದೆ. ತನ್ನ ಹೆಸರು ಬರೆಯಿರಿ ಎಂದು ಅವಳೇ ಹೇಳಿದ್ದಾಳೆ. ಮಳೆಗಾಲದಲ್ಲೇ ಆ ಕಟಕಟೆಯ ಮರದ ಬುಡ ಕೊಳೆತಿತ್ತಂತೆ. ಕಸ ಗುಡಿಸುವವರು ಹಗ್ಗ ಕಟ್ಟಿ ದಾರಿ ಮುಚ್ಚಿದ್ದರಂತೆ. ಸಪ್ತಾಹಕ್ಕೆ ದೊಡ್ಡವರು ಬರುತ್ತಾರೆ, ಹಗ್ಗ ಚೆನ್ನಾಗಿ ಕಾಣುವುದಿಲ್ಲ ಎಂದು ನಿಮ್ಮ ಕಚೇರಿ ಅದನ್ನು ಬಿಚ್ಚಿಸಿತಂತೆ. ಬಿಚ್ಚಿದ ಜಾಗಕ್ಕೆ ಹೂವು ಬಂತು. ಇಷ್ಟಾಗಿ ನಿಮ್ಮ ವರದಿ ಏನು ಹೇಳುತ್ತದೆ? ‘ಪ್ರವಾಸಿಯ ಅಜಾಗರೂಕತೆ.’ ಫೋಟೋ ತೆಗೆದುಕೊಳ್ಳಿ ಎಂದು ಕರೆದವರು ನೀವು. ಕರೆದಲ್ಲಿ ನಿಂತದ್ದು ಅವಳ ಅಜಾಗರೂಕತೆಯೇ? ಇತಿಹಾಸ ಕಾಯುವ ಹೊಣೆ ಹೊತ್ತವರಿಗೆ ಮಳೆಗಾಲದ ಮಾತೊಂದು ಸಪ್ತಾಹದ ಹೊತ್ತಿಗೆ ಮರೆತೇ ಹೋಯಿತೇ?

ಈಗ ಭಾನುವಾರಗಳಂದು ನಾನು ಟಿಕೆಟ್ ತೆಗೆಸಿ ಬಂದು ಅಂಗಳದಲ್ಲಿ ನಿಲ್ಲುತ್ತೇನೆ. ಮೇಲೆ ಯಾರಾದರೂ ಒರಗಿದರೆ ಕೂಗುತ್ತೇನೆ. ಮೊನ್ನೆ ಪುಣೆಯ ಐಟಿ ಕಂಪನಿಗಳ ಹಿಂಜವಾಡಿಯಿಂದ ಬಂದಿದ್ದ ಬೆಂಗಳೂರಿನವರೊಬ್ಬರು ಮಗುವನ್ನು ಕಟಕಟೆಯ ಮೇಲೆ ಕೂರಿಸಿದ್ದರು. ನನ್ನ ಕೂಗಿಗೆ ಸಿಟ್ಟಾಗಿ, “ನಿಮಗೇನ್ ಪ್ರಾಬ್ಲಮ್ ಸಾರ್? ಫ್ಯಾಮಿಲಿ ಜೊತೆ ಬಂದಿದೀವಿ” ಅಂದರು. “ನಾನೂ ಫ್ಯಾಮಿಲಿ ಜೋಡಿನೇ ಬಂದಿದ್ದೆ ರೀ. ಒಮ್ಮೆ ಕೈಲೆ ಅಲಗಾಡಿಸಿ ನೋಡ್ರಿ” ಅಂದೆ. ಮಗುವನ್ನು ಇಳಿಸಿ ಅಲುಗಾಡಿಸಿದರು. ನಿಮ್ಮ ಹೊಸ ಬಣ್ಣ ಬಿರುಕು ಬಿಟ್ಟು ಮರದ ಪುಡಿ ನನ್ನ ಮೈಮೇಲೆ ಸುರಿಯಿತು. ಮಗುವನ್ನು ಎದೆಗೆ ಅವಚಿಕೊಂಡು ಇಳಿದು ಬಂದು, ಹೊರಗೆ ಗೋದಾಳ ಬೆಂಚಿನ ಮೇಲೆ ಬಹಳ ಹೊತ್ತು ಕೂತಿದ್ದರು.

ಅದೇ ದಿನ ನನ್ನನ್ನು ಹೊರಹಾಕಲು ನೀವು ಆಜ್ಞೆ ಮಾಡಿದಿರಿ. ನಿಮ್ಮ ಕಾವಲುಗಾರ ನಮ್ಮ ಯಾದಗಿರಿ ಕಡೆಯವನು. “ಅಪ್ಪಾರ, ಮಂದಿ ಅಂಜತಾರಂತ ಸಾಹೇಬ್ರು ಬೈತಾರ್ರಿ. ನನ್ನ ನೌಕರಿ ಹೋಗ್ತದ, ಬರ್ರಿ” ಎಂದು ತೋಳು ಹಿಡಿದ. ಜನ ಅಂಜಬೇಕು ಎಂದೇ ಅಲ್ಲವೇ ನಾನು ಕೂಗುವುದು?

ನನಗೆ ಪರಿಹಾರ ಬೇಡ. ಆ ಮಹಡಿಯನ್ನು ಇಂದೇ ಮುಚ್ಚಿಸಿ. ಬಲ್ಲ ಎಂಜಿನಿಯರು ಪರೀಕ್ಷಿಸಿ ಸಹಿ ಹಾಕುವವರೆಗೆ ತೆರೆಯಬೇಡಿ. ವರದಿಯಿಂದ ‘ಅಜಾಗರೂಕತೆ’ ಎಂಬ ಪದವನ್ನು ತೆಗೆದು, ಆ ಹಗ್ಗ ಬಿಚ್ಚಿಸಿದವರು ಯಾರು ಎಂದು ಬರೆಯಿರಿ. ಅಲ್ಲಿಯವರೆಗೆ ನಾನು ಬರುತ್ತಲೇ ಇರುತ್ತೇನೆ. ಒಳಗೆ ಬಿಡದಿದ್ದರೆ ಬಾಗಿಲ ಹೊರಗೆ ನಿಂತು ಕೂಗುತ್ತೇನೆ. ನನ್ನ ದನಿ ಅಂಗಳದವರೆಗೆ ಕೇಳುತ್ತದೆ, ಪರೀಕ್ಷಿಸಿ ನೋಡಿದ್ದೇನೆ.

ಇಂತಿ,
ಪ್ರವಾಸಿಗರನ್ನು ಹೆದರಿಸುವ ಮುದುಕ ಎಂದು ನಿಮ್ಮ ಕಚೇರಿ ಬಲ್ಲ
ಈರಬಸಪ್ಪ, ಕೋಥರೂಡ