ಅಕ್ಕನ ಹೆಸರಿನಲ್ಲಿ ಐವತ್ತಮೂರು ವರ್ಷ

ಫೆಬ್ರವರಿ 3, ಸೋಮವಾರ. ಮಧ್ಯಾಹ್ನ 1.20

ಬೆಳಗ್ಗೆಯಿಂದ ಹನ್ನೊಂದು ಅರ್ಜಿ. ತಿದ್ದುಪಡಿ ಕೌಂಟರಿಗೆ ಸೋಮವಾರ ಯಾವಾಗಲೂ ಹೀಗೆ. ಭಾನುವಾರ ಮನೆಮಂದಿಯೆಲ್ಲ ಕೂತು ಕಾಗದ ಕೆದಕುತ್ತಾರೆ, ಸೋಮವಾರ ತಪ್ಪು ಹಿಡಿದುಕೊಂಡು ಬರುತ್ತಾರೆ. ಒಬ್ಬಳ ಜನನ ದಾಖಲೆಯಲ್ಲಿ ‘ಗಂಡು’ ಅಂತಿದೆ. ಇಪ್ಪತ್ತೆರಡು ವರ್ಷ ಯಾರ ಕಣ್ಣಿಗೂ ಬಿದ್ದಿಲ್ಲ. ಮದುವೆ ನೋಂದಣಿಗೆ ಹೋದಾಗ ಸಿಕ್ಕಿಬಿದ್ದಿದೆ. “ಮೇಡಂ, ಹುಡುಗ ಓಡಿ ಹೋಗೋ ಮುಂಚೆ ನನ್ನನ್ನ ಹುಡುಗಿ ಮಾಡಿಕೊಟ್ಬಿಡಿ” ಅಂದಳು. ನಗು ಬಂತು. ನಗಲಿಲ್ಲ. ಕೌಂಟರಿನಲ್ಲಿ ನಕ್ಕರೆ ಸಾಲು ಉದ್ದವಾಗುತ್ತದೆ.

ಇನ್ನೊಬ್ಬನಿಗೆ ಅಪ್ಪನ ಜಾಗದಲ್ಲಿ ಸೋದರಮಾವನ ಹೆಸರು. ಆಸ್ಪತ್ರೆಯಲ್ಲಿ ಹೆಸರು ಹೇಳಿ ಅಂದರಂತೆ, ಮಾವ ತನ್ನದೇ ಹೇಳಿದನಂತೆ. ಅವನ ತಪ್ಪೇನಿದೆ, ಕೇಳಿದ್ದು ಹಾಗೆ.

ಯಾರದ್ದೇ ಆಗಲಿ, ಕೆಲಸ ಒಂದೇ. ಹಳೆಯ ಬರಹದ ಮೇಲೆ ಒಂದೇ ಒಂದು ಕೆಂಪು ಗೆರೆ, ಅಡಿಯ ಅಕ್ಷರ ಓದಲು ಬರುವಂತೆ. ಸರಿಯಾದದ್ದು ಅಂಚಿನಲ್ಲಿ. ತಾರೀಖು, ರುಜು. ಅಳಿಸುವಂತಿಲ್ಲ, ಹಾಳೆ ಹರಿಯುವಂತಿಲ್ಲ. ಹೊಸ ಹುಡುಗಿಯರಿಗೆ ಇದನ್ನು ಕಲಿಸುವುದು ನಾನೇ. ಮೂವತ್ತೊಂದು ವರ್ಷದಿಂದ.

ಮರಣ ನೋಂದಣಿಯ ಮೇಜಿನವನು ಆಗಲೇ ಊಟಕ್ಕೆ ಎದ್ದ. ಒಂದು ಗಂಟೆಗೆ ಏಳುವವನು, ಎದುರಿಗೆ ಯಾರು ಅಳುತ್ತಿದ್ದರೂ. ಅವನಿಗೆ ‘ಗಡಿಯಾರ’ ಅಂತ ಹೆಸರಿಟ್ಟವಳೂ ನಾನೇ. ಬ್ರೆಡ್ ಒಣಗಿದೆ. ಟೀ ಜೊತೆ ಇಳಿಸಿದೆ.

ಫೆಬ್ರವರಿ 5, ಬುಧವಾರ. ಸಂಜೆ

ಅತ್ತೆಯ ಮರಣಪತ್ರ ಇವತ್ತು ಕೈಗೆ ಬಂತು. ಅಪ್ಪನ ತಂಗಿ. ತಮ್ಮ ಬಂದು ತೆಗೆದುಕೊಂಡು ಹೋದ. “ಬಾ ಅಕ್ಕ ಒಂದಿನ ಮನೆಗೆ” ಅಂದ, ಬಾಗಿಲ ಕಡೆ ನೋಡುತ್ತಾ.

ಕೋಣೆಗೆ ಬಂದು ಕೂತಾಗ ಹೊಳೆಯಿತು. ಅಪ್ಪ ಇಟ್ಟ ಹೆಸರಿನಿಂದ ನನ್ನನ್ನು ಕರೆಯುತ್ತಿದ್ದವಳು ಅತ್ತೆಯೊಬ್ಬಳೇ. ಅಪ್ಪ ಹೋಗಿ ಹತ್ತೊಂಬತ್ತು ವರ್ಷ. ಈಗ ಅವಳೂ ಇಲ್ಲ. ಆಫೀಸಿನಲ್ಲಿ ಮೇಡಂ. ತಮ್ಮನಿಗೆ ಅಕ್ಕ. ಕೆಳಗಿನ ಸೈಕಲ್ ರಿಪೇರಿಯವನಿಗೆ ‘ಮಹಡಿಯವರು’. ಅಮ್ಮನಿಗೆ... ಅಮ್ಮ ಕರೆಯುವುದು ಕಾಗದದ ಹೆಸರು. ಅದು ನನ್ನದಲ್ಲ. ನನ್ನ ಅಕ್ಕನದು.

ಇದನ್ನು ಎಲ್ಲೂ ಬರೆದಿಲ್ಲ. ಇವತ್ತು ಬರೆಯುತ್ತೇನೆ. ಅಕ್ಕ ಹುಟ್ಟಿದ್ದು ಆಸ್ಪತ್ರೆಯಲ್ಲಿ, ದಾಖಲೆ ಆಯಿತು. ಒಂದು ವರ್ಷ ಎಂಟು ತಿಂಗಳಿಗೆ ಜ್ವರ ಬಂದು ಹೋದಳು. ಆ ಸಾವನ್ನು ಯಾರೂ ಬರೆಸಲಿಲ್ಲ. ಆಗ ಅಮ್ಮನಿಗೆ ಏಳು ತಿಂಗಳು. ಎರಡು ತಿಂಗಳಿಗೆ ನಾನು ಮನೆಯಲ್ಲೇ ಹುಟ್ಟಿದೆ. ನನ್ನನ್ನೂ ಯಾರೂ ಬರೆಸಲಿಲ್ಲ. ಶಾಲೆಯಲ್ಲಿ ಜನನಪತ್ರ ಕೇಳಿದಾಗ ಅಪ್ಪ ಮನೆಯಲ್ಲಿದ್ದ ಒಂದೇ ಒಂದನ್ನು ಕೊಟ್ಟ. “ಒಂದು ಇದೆಯಲ್ಲ, ಇನ್ನೊಂದಕ್ಕೆ ಯಾಕೆ ಅಲೀಬೇಕು” ಅಂದನಂತೆ. ಅತ್ತೆ ಹೇಳುತ್ತಿದ್ದಳು. ಸೋಮಾರಿತನಕ್ಕೆ ಹೆಸರು ಬುದ್ಧಿವಂತಿಕೆ. ಆರು ವರ್ಷದವಳೆಂದು ಸೇರಿದ ನನಗೆ ಆಗ ನಾಲ್ಕು.

ಶಾಲೆ, ಕಾಲೇಜು, ಕೆಲಸ, ಬ್ಯಾಂಕು—ಎಲ್ಲ ಅವಳ ಹೆಸರಿನಲ್ಲಿ. ಊರಿನವರ ಹೆಸರನ್ನೆಲ್ಲ ತಿದ್ದುವವಳು ನಾನು. ದೀಪದ ಬುಡ ಕತ್ತಲೆ.

ಬಾಗಿಲು ಹಾಕಿ, ನನ್ನ ಹೆಸರನ್ನು ನಾನೇ ಒಂದು ಸಲ ಕರೆದು ನೋಡಿದೆ. ಚೆನ್ನಾಗಿರಲಿಲ್ಲ. ಕರೆಯುವುದಕ್ಕೆ ಇನ್ನೊಬ್ಬರೇ ಬೇಕು.

ಫೆಬ್ರವರಿ 11, ಮಂಗಳವಾರ

ಸಾಹೇಬರ ಹತ್ತಿರ ಹೇಳಿಯೇಬಿಟ್ಟೆ. ರಿಜಿಸ್ಟ್ರಾರ್ ಆಗಿ ಬಂದು ಎರಡು ವರ್ಷ, ನನಗಿಂತ ಹದಿನೈದು ವರ್ಷ ಚಿಕ್ಕವರು. ಕನ್ನಡಕ ತೆಗೆದಿಟ್ಟು ಕೇಳಿದರು.

“ಹೆಸರು ಬದಲಾವಣೆ ಅರ್ಜಿ ಹಾಕಿ. ಅಷ್ಟೇ ಅಲ್ವಾ?”

“ಅದು ನನ್ನ ದಾಖಲೆ ಆಗಿದ್ರೆ ಸರ್. ಅವಳದ್ದನ್ನ ತಿದ್ದಿ ನನ್ನದು ಮಾಡ್ಕೊಳ್ಳೋದು ಹೇಗೆ?”

ಕನ್ನಡಕ ಮತ್ತೆ ಹಾಕಿಕೊಂಡರು. ನಿಯಮ ಅವರಿಗಿಂತ ನನಗೇ ಚೆನ್ನಾಗಿ ಗೊತ್ತು. ಮೊದಲು ಅಕ್ಕನ ಮರಣ ಬರೆಸಬೇಕು. ಆಮೇಲೆ ನನ್ನ ಜನನ. ಎರಡಕ್ಕೂ ಕಂಡವರೊಬ್ಬರು ಮಾಹಿತಿದಾರರಾಗಿ ರುಜು ಹಾಕಬೇಕು. ಬದುಕಿರುವವರಲ್ಲಿ ಕಂಡವಳು ಅಮ್ಮನೊಬ್ಬಳೇ. ಎಪ್ಪತ್ತೊಂಬತ್ತು.

“ಮುಂದಿನ ವರ್ಷ ರಿಟೈರ್ಮೆಂಟು. ಕೆಲಸಕ್ಕೆ ಸೇರುವಾಗ ಕೊಟ್ಟ ದಾಖಲೆ ಸುಳ್ಳು ಅಂತ ಯಾರಾದ್ರೂ ಎತ್ತಿದ್ರೆ? ಇರಲಾರದೆ ಇರುವೆ ಯಾಕೆ ಬಿಟ್ಕೋತೀರಾ?”

“ಎತ್ತಲಿ ಸರ್. ಸರ್ವಿಸ್ ಬುಕ್ಕಿನಲ್ಲಿ ಅವಳೇ ರಿಟೈರಾಗಲಿ. ನಾನು ಸಾಯೋವಾಗ ನನ್ನ ಹೆಸರಲ್ಲಿ ಸಾಯಬೇಕು.”

ಹೇಳಿದ ಮೇಲೆ ನನಗೇ ಗಾಬರಿಯಾಯಿತು. ಇಷ್ಟು ದಿನ ಒಳಗೆ ಇದೇ ಇತ್ತೇ?

ಫೆಬ್ರವರಿ 16, ಭಾನುವಾರ

ಎರಡು ಬಸ್ಸು ಹಿಡಿದು ತಮ್ಮನ ಮನೆಗೆ. ಅಮ್ಮ ಬಾಲ್ಕನಿಯಲ್ಲಿ ಬಟ್ಟೆ ಮಡಿಸುತ್ತಿದ್ದಳು. ಕಣ್ಣು, ಕಿವಿ, ನೆನಪು ಎಲ್ಲ ನನಗಿಂತ ಚುರುಕು. ಹೇಳಿದೆ. ಕೈಯಲ್ಲಿದ್ದ ದಿಂಬಿನ ಕವರನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು.

“ಸತ್ತಳು ಅಂತ ನಾನು ರುಜು ಹಾಕಬೇಕಾ?”

“ಹೌದಮ್ಮ.”

“ಹಾಕಲ್ಲ.”

“ಅಮ್ಮ, ಅವಳು ಹೋಗಿ ಐವತ್ತೇಳು ವರ್ಷ...”

“ಲೆಕ್ಕ ನನಗೆ ಹೇಳಿಕೊಡಬೇಡ.” ಎದ್ದು ಒಳಗೆ ಹೋದಳು. ಬಾಗಿಲಲ್ಲಿ ತಿರುಗಿ ಅಕ್ಕನ ಹೆಸರಿನಿಂದ ಕರೆದು, “ಊಟ ಮಾಡಿಕೊಂಡು ಹೋಗು” ಅಂದಳು.

ಮೈ ಉರಿಯಿತು. ಇಷ್ಟು ವರ್ಷ ಓಗೊಟ್ಟಿದ್ದೇನೆ. ಅವಳು ಆ ಹೆಸರು ಹಿಡಿದು ಕರೆಯುವಾಗ ಯಾರನ್ನು ಕರೆಯುತ್ತಾಳೆ? ನನ್ನನ್ನು ಯಾವತ್ತಾದರೂ ಕರೆದಿದ್ದಾಳೆಯೇ? ಊಟ ಮಾಡದೆ ಬಂದೆ.

ಫೆಬ್ರವರಿ 17, ಸೋಮವಾರ

ಒಂಬತ್ತು ಅರ್ಜಿ. ಎಲ್ಲರ ಮೇಲೂ ಸಿಡುಕಿದೆ. ಗಡಿಯಾರ ತನ್ನ ಬಿಸ್ಕತ್ತಿನ ಪೊಟ್ಟಣ ತಂದು ನನ್ನ ಮೇಜಿನ ಮೇಲಿಟ್ಟು ಹೋದ.

ಫೆಬ್ರವರಿ 23, ಭಾನುವಾರ. ರಾತ್ರಿ

ಅಮ್ಮನನ್ನು ನೋಡಲು ಹೋಗಲಿಲ್ಲ. ತಮ್ಮನ ಫೋನು.

“ಏನು ಹೇಳಿದೆ ಅಮ್ಮನಿಗೆ? ಒಂದು ವಾರದಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದಾಳೆ.”

ಹೇಳಿದೆ.

“ಈ ವಯಸ್ಸಲ್ಲಿ ನಿನಗೆ ಯಾಕೆ ಬೇಕಕ್ಕ ಇದು? ಶಾಲೆಗೆ ಸೇರಬೇಕಾ, ಮದುವೆ ಆಗಬೇಕಾ?”

ನಗಲೆಂದು ಹೇಳಿದ, ಗೊತ್ತು. ನಗು ಬರಲಿಲ್ಲ. ಅವನಿಗೆ ಮೂರು ಜನ ಇದ್ದಾರೆ ಮನೆಯಲ್ಲಿ, ದಿನಕ್ಕೆ ನೂರು ಸಲ ಕರೆಯುತ್ತಾರೆ. ಹೊಟ್ಟೆ ತುಂಬಿದವನಿಗೆ ಹಸಿವಿನ ಮಾತು ಹೇಗೆ ತಿಳಿಯಬೇಕು. ಫೋನಿಟ್ಟೆ. ಆಮೇಲೆ ಇಡೀ ದಿನ ಯಾರೊಂದಿಗೂ ಮಾತಿಲ್ಲ. ಸಂಜೆ ಹಾಲಿನ ಅಂಗಡಿಯಲ್ಲಿ ‘ಅರ್ಧ ಲೀಟರ್’ ಅಂದದ್ದು ಅಂಗಡಿಯವನಿಗೆ ಕೇಳಿಸಲಿಲ್ಲ. ಎರಡು ಸಲ ಹೇಳಬೇಕಾಯಿತು.

ಮಾರ್ಚ್ 16, ಭಾನುವಾರ. ಸಂಜೆ 5

ಮೂರು ವಾರ ಏನೂ ಬರೆದಿಲ್ಲ. ಬರೆಯಲು ಏನೂ ಇರಲಿಲ್ಲ. ಕೌಂಟರು, ಕೋಣೆ, ಕೌಂಟರು.

ಇವತ್ತು ಅಮ್ಮ ಬಂದಿದ್ದಳು. ಒಬ್ಬಳೇ. ಎರಡು ಬಸ್ಸು ಬದಲಿಸಿ. ಈ ಕೋಣೆಗೆ ಅವಳು ಬಂದದ್ದೇ ಮೂರನೆಯ ಸಲ. ಮೆಟ್ಟಿಲು ಹತ್ತಿ ಉಸಿರು ಬಿಡುತ್ತಾ ಮಂಚದ ಮೇಲೆ ಕೂತಳು. ಒಂದೇ ಮಂಚ, ಒಂದೇ ಕುರ್ಚಿ, ಒಂದೇ ಲೋಟ ಹೊರಗಿತ್ತು. ಎಲ್ಲ ನೋಡಿದಳು. ಆಮೇಲೆ ತಾನಾಗಿಯೇ ಶುರು ಮಾಡಿದಳು.

“ನಿನ್ನ ಶಾಲೆಗೆ ಬಿಟ್ಟ ಮೊದಲ ದಿನ. ಬಾಗಿಲ ಹತ್ತಿರ ನಿಂತಿದ್ದೆ. ಟೀಚರು ಹಾಜರಿ ಕರೆದರು. ಅವಳ ಹೆಸರು ಕೂಗಿದರು. ನೀನು ‘ಇದ್ದೀನಿ’ ಅಂದೆ.”

ಲೋಟದ ನೀರು ಕುಡಿದು ಕೆಳಗಿಟ್ಟಳು.

“ನಾಲ್ಕು ವರ್ಷ ಆ ಹೆಸರು ಯಾರ ಬಾಯಲ್ಲೂ ಬಂದಿರಲಿಲ್ಲ. ನನಗೆ ಹೆದರಿಕೊಂಡು ಯಾರೂ ಹೇಳ್ತಿರಲಿಲ್ಲ. ಕೂಗಿದ್ರು, ಒಂದು ಮಗು ‘ಇದ್ದೀನಿ’ ಅಂತು. ಅವತ್ತಿಂದ ನಾನೂ ಹಾಗೇ ಕರೆದೆ. ಕರೆದಾಗೆಲ್ಲ ನೀನು ಓಗೊಡ್ತಿದ್ದೆ. ತಪ್ಪು ಅಂತ ಗೊತ್ತಿತ್ತು ಕಣೇ. ಬಿಡೋಕೆ ಆಗಲಿಲ್ಲ.”

ಸಿಟ್ಟೆಲ್ಲ ಎಲ್ಲಿ ಹೋಯಿತೋ. ಅತ್ತುಬಿಟ್ಟೆ. ಅವಳು ಅಳಲಿಲ್ಲ. ನಮ್ಮ ಆಫೀಸಿನವಳ ಹಾಗೆ ಪ್ರಶ್ನೆ ಕೇಳಿದಳು.

“ಸತ್ತಳು ಅಂತ ಬರೆದ ಮೇಲೆ, ಅವಳು ಹುಟ್ಟಿದ್ದನ್ನ ಹೊಡೆದು ಹಾಕ್ತೀರಾ?”

“ಇಲ್ಲಮ್ಮ. ಯಾವುದನ್ನೂ ಅಳಿಸೋ ಹಾಗಿಲ್ಲ. ಹುಟ್ಟಿದ್ದು ಒಂದು ಪುಸ್ತಕದಲ್ಲಿ, ಹೋದದ್ದು ಇನ್ನೊಂದರಲ್ಲಿ. ಕಬ್ಬಿಣದ ಕಪಾಟು. ಆಫೀಸು ಇರೋವರೆಗೂ ಇರತ್ತೆ.”

“ಮತ್ತೆ ಈಗ ಪುಸ್ತಕದಲ್ಲಿ ಏನಿದೆ?”

ಈ ಉತ್ತರ ನನಗೂ ಹೇಳುವ ತನಕ ಹೊಳೆದಿರಲಿಲ್ಲ. “ಈಗ ಆ ಪುಸ್ತಕದ ಪ್ರಕಾರ ಅವಳಿಗೆ ಐವತ್ತೊಂಬತ್ತು ವರ್ಷ. ಕೂದಲು ನರೆತಿದೆ, ಸಕ್ಕರೆ ಕಾಯಿಲೆ ಇದೆ, ಮುಂದಿನ ವರ್ಷ ರಿಟೈರಾಗ್ತಾಳೆ. ಒಂದು ವರ್ಷ ಎಂಟು ತಿಂಗಳ ಮಗು ಎಲ್ಲೂ ಇಲ್ಲಮ್ಮ. ಅವಳನ್ನ ನಾನು ತಿಂದುಹಾಕಿದ್ದೀನಿ.”

ಅಮ್ಮ ನನ್ನ ತಲೆಯ ಮೇಲೆ ಕೈಯಿಟ್ಟಳು. ನರೆತ ಕೂದಲನ್ನು ಬೆರಳಲ್ಲಿ ಹಿಡಿದು ನೋಡಿದಳು, ಈಗಷ್ಟೇ ಕಂಡವಳಂತೆ.

“ಯಾವತ್ತು ಬರಬೇಕು ಹೇಳು” ಅಂದಳು.

ಏಪ್ರಿಲ್ 4, ಶುಕ್ರವಾರ

ಅಫಿಡವಿಟ್ ಆಯಿತು. ಪತ್ರಿಕೆಯಲ್ಲಿ ಪ್ರಕಟಣೆ ಆಯಿತು, ಬಾಡಿಗೆಗೆ ಮನೆ, ಕಳೆದುಹೋದ ನಾಯಿ, ಇವುಗಳ ನಡುವೆ ಬೆರಳಗಲ. ತಡವಾದ ನೋಂದಣಿಗೆ ಮ್ಯಾಜಿಸ್ಟ್ರೇಟರ ಆದೇಶ ಇವತ್ತು ಬಂತು, ಅಕ್ಕನ ಮರಣಕ್ಕೂ ನನ್ನ ಜನನಕ್ಕೂ ಒಟ್ಟಿಗೆ. ಅಮ್ಮನಿಗೆ ಫೋನು ಮಾಡಿ ಬರಬೇಕಾದ ದಿನ ಹೇಳಿದೆ. ಬುಧವಾರ. “ಸರಿ” ಅಂದಳು. ಹೆಸರು ಹಿಡಿಯಲಿಲ್ಲ. ಇತ್ತೀಚೆಗೆ ನನ್ನನ್ನು ಯಾವ ಹೆಸರಿನಿಂದಲೂ ಕರೆಯುತ್ತಿಲ್ಲ. ‘ನೋಡು’, ‘ಕೇಳಿಸ್ತಾ’, ಇಷ್ಟೇ. ಹಳೆಯದು ಹೋಯಿತು, ಹೊಸದು ಬರಲಿಲ್ಲ. ಇದಕ್ಕಿಂತ ಅದೇ ವಾಸಿಯಿತ್ತೇನೋ.

ಏಪ್ರಿಲ್ 9, ಬುಧವಾರ. ಮಧ್ಯಾಹ್ನ 3.40, ಆಫೀಸು

ಮೇಜಿನ ಮುಂದೆಯೇ ಬರೆಯುತ್ತಿದ್ದೇನೆ.

ಅಮ್ಮ ಹತ್ತು ಗಂಟೆಗೇ ಬಂದಳು. ಟೋಕನ್ ತೆಗೆದುಕೊಂಡು ಸಾಲಿನಲ್ಲೇ ಕೂತಳು, ಮುಂದೆ ಬಾ ಅಂದರೂ ಬರಲಿಲ್ಲ. ಸರದಿ ಬಂದಾಗ ಗಡಿಯಾರ ಎದ್ದು ಬಂದ. “ನಾನು ಬರೀತೀನಿ ಮೇಡಂ, ನೀವು ಏಳಿ.” ಮನೆಯವರ ಕಡತ ಮುಟ್ಟಬಾರದು, ನಿಯಮ. ಅಮ್ಮ ಕಿಂಡಿಯಿಂದಲೇ, “ದೊಡ್ಡವಳದು ಇವಳೇ ಬರೀಲಿ” ಅಂದಳು. ಸಾಹೇಬರು ಬಾಗಿಲಲ್ಲಿ ನಿಂತಿದ್ದರು. ಏನೂ ಕಾಣದವರಂತೆ ಒಳಗೆ ಹೋದರು.

ಮರಣದ ಪುಸ್ತಕ ತೆರೆದೆ. ಮೃತರ ಹೆಸರು. ಎಷ್ಟೋ ಸಾವಿರ ಸಲ ಬರೆದ ಹೆಸರು. ನಿಧಾನವಾಗಿ ಬರೆಯಬೇಕೆಂದುಕೊಂಡಿದ್ದೆ, ಕೈ ತಾನಾಗಿ ರುಜುವಿನಂತೆ ಓಡಿತು, ಕೊನೆಯ ಬಾಲದ ಸಮೇತ. ವಯಸ್ಸು: ಒಂದು ವರ್ಷ ಎಂಟು ತಿಂಗಳು. ಕಾರಣ: ಜ್ವರ. ಕೆಳಗೆ, ಬರೆದವರ ರುಜು. ಅದೇ ಹೆಸರು.

“ಹೋದವರೂ ಬರೆದವರೂ ಒಬ್ಬರೇ ಆದ್ರಲ್ಲ” ಅಂದ ಗಡಿಯಾರ. ತಕ್ಷಣ ನಾಲಿಗೆ ಕಚ್ಚಿಕೊಂಡ. ಅಮ್ಮ ಕನ್ನಡಕ ಹಾಕಿಕೊಂಡು ಆ ಸಾಲನ್ನು ಪೂರ್ತಿ ಓದಿದಳು. ಬೆರಳಿಟ್ಟು, ಒಂದೊಂದೇ ಪದ. ಆಮೇಲೆ ರುಜು ಹಾಕಿದಳು. “ಎಂಟು ತಿಂಗಳು ಅಂತ ಬರೆದಿದ್ದೀಯಲ್ಲ, ಒಳ್ಳೇದು” ಅಂದಳು. ಅವಳು ಅತ್ತದ್ದು ಆಗ.

ನಾನು ಎದ್ದೆ. ಗಡಿಯಾರ ನನ್ನ ಕುರ್ಚಿಯಲ್ಲಿ ಕೂತ. ಸುತ್ತಿ ಬಂದು ಅಮ್ಮನ ಪಕ್ಕ ನಿಂತೆ. ಈ ಕಡೆಯಿಂದ ಕೌಂಟರು ಎತ್ತರ, ಕಿಂಡಿ ಸಣ್ಣದು. ಮೂವತ್ತೊಂದು ವರ್ಷ ಗೊತ್ತೇ ಇರಲಿಲ್ಲ. ಜನ ಯಾಕೆ ಕೂಗುತ್ತಾರೆಂದು ಈಗ ತಿಳಿಯಿತು.

“ಮಗು ಹುಟ್ಟಿದ ತಾರೀಖು?” ಅವನು ಕೇಳಿದ.

ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಹೇಳಿದಳು. “ಗುರುವಾರ. ಬೆಳಗ್ಗೆ ಐದು ಗಂಟೆ ದಾಟಿತ್ತು. ದೊಡ್ಡವಳು ಹೋಗಿ ಅರವತ್ತೊಂದನೇ ದಿನ. ಹುಟ್ಟಿದಾಗ ಇವಳು ತುಂಬ ಹೊತ್ತು ಅಳಲೇ ಇಲ್ಲ. ನಾನು ಅಳ್ತಿದ್ದೆ, ಅದಕ್ಕೆ ಇವಳು ಸುಮ್ಮನೆ ನೋಡ್ತಿದ್ದಳು.”

“ಅದಕ್ಕೆ ಕಾಲಮ್ ಇಲ್ಲಮ್ಮ” ಅಂದ ಅವನು, ಮೆತ್ತಗೆ.

ಅವಳಿಗೆ ನನ್ನದು ಏನೂ ನೆನಪಿಲ್ಲ ಅಂದುಕೊಂಡಿದ್ದೆ. ಐವತ್ತೇಳು ವರ್ಷ ಹಾಗೇ ಅಂದುಕೊಂಡಿದ್ದೆ.

“ಮಗುವಿನ ಹೆಸರು?”

ಅಮ್ಮ ಕೌಂಟರಿನ ಅಂಚು ಹಿಡಿದುಕೊಂಡಳು. ಹಿಂದೆ ಯಾರೋ ಕೆಮ್ಮಿದರು. ಗಡಿಯಾರ ಕಾದ. ಒಂದು ಗಂಟೆ ದಾಟಿತ್ತು, ಅವನು ಏಳಲಿಲ್ಲ. ಅಮ್ಮ ಕಿಂಡಿಗೆ ಬಾಗಿ ಹೇಳಿದಳು.

ಹೇಳಿದ್ದು ಅವನಿಗೆ. “ಏನಮ್ಮ?” ಅಂದವಳು ನಾನು.

ಅಮ್ಮ ತಿರುಗಿ ನೋಡಿದಳು. ಅವನು ತಲೆ ಬಗ್ಗಿಸಿ ಬರೆದುಕೊಂಡ.

ನನ್ನ ಜನನಪತ್ರ ನಾಲ್ಕು ಗಂಟೆಗೆ ಸಿಗುತ್ತದೆ. ಅಮ್ಮ ಬೆಂಚಿನ ಮೇಲೆ ಕೂತಿದ್ದಾಳೆ, ಚೀಲ ತೊಡೆಯ ಮೇಲಿಟ್ಟುಕೊಂಡು. ಊಟವೂ ಆಗಿಲ್ಲ ಇಬ್ಬರದ್ದೂ. ಈಗ ಏನೋ ಬೇಕಾಗಿದೆ ಅವಳಿಗೆ, ಇತ್ತ ನೋಡುತ್ತಿದ್ದಾಳೆ. ನೀರಿರಬೇಕು. ಕರೆದಳು, ಹಳೆಯ ಹೆಸರು. ಅರ್ಧಕ್ಕೇ ನಿಲ್ಲಿಸಿ ಬಾಯಿಗೆ ಕೈಯಿಟ್ಟುಕೊಂಡಳು. ಈಗ ಮತ್ತೆ ಕರೆಯುತ್ತಿದ್ದಾಳೆ, ಜೋರಾಗಿ, ಸಾಲಿನವರೆಲ್ಲ ತಿರುಗುವ ಹಾಗೆ, ನನ್ನನ್ನೇ. ಬಂದೆ ಅಮ್ಮ, ಬಂ