ಬಿದ್ದ ರಾಜಕುಮಾರನ ಮುಖ

ಪಿರಿಯಾಪಟ್ಟಣ
14-10-1999

ಪ್ರೀತಿಯ ವಾಣಿ,

ಮಿರ್ಲೆಯಲ್ಲಿ ನೀನೂ ಅತ್ತೆಯೂ ಹೇಗಿದ್ದೀರಿ? ನಿನ್ನ ತಲೆನೋವು ಕಡಿಮೆಯಾಯಿತೆ? ಅವ್ವನ ಮಂಡಿನೋವು ಹಾಗೇ ಇದೆ. ಸ್ಕೂಲಿನಲ್ಲಿ ನನ್ನ ಡ್ರಾಯಿಂಗ್ ಪೀರಿಯಡ್ಡನ್ನು ಗಣಿತಕ್ಕೆ ಕೊಟ್ಟಿದ್ದಾರೆ. ನಾನು ಜಗಳವಾಡಲಿಲ್ಲ.

ಮೈಸೂರಿನ ಮುದುಕರೊಬ್ಬರು, ಪಾರಸಿ ಭಾಷೆ ಕಲಿಸಿ ನಿವೃತ್ತರಾದ ಮೇಷ್ಟ್ರು, ಹಳೆಯ ಪಾರಸಿ ಹಸ್ತಪ್ರತಿಯ ಒಂದು ಹಾಳೆ ಕೊಟ್ಟು ಹೋಗಿದ್ದರು. ಹುಳು ತಿಂದ ಅಂಚಿಗೆ ಕಾಗದ ಅಂಟಿಸಿ ಕೊಡಬೇಕಿತ್ತು, ಅಷ್ಟೆ. ಯಾವುದೋ ವೀರಕಾವ್ಯದ ಯುದ್ಧದ ಚಿತ್ರ. ಆಕಾಶಕ್ಕೆ ಚಿನ್ನ ಬಳಿದಿದೆ, ಯಾವುದಕ್ಕೂ ನೆರಳಿಲ್ಲ. ನಡುವೆ ಕುದುರೆಯಿಂದ ಬಿದ್ದ ರಾಜಕುಮಾರ. ಗುಡ್ಡದ ಹಿಂದಿನಿಂದ ಅವನ ತಂದೆ ಬೆರಳನ್ನು ತುಟಿಗಿಟ್ಟು ನೋಡುತ್ತಿದ್ದಾನೆ. ಆ ಚಿತ್ರಕಾರರು ದಿಗ್ಭ್ರಮೆಯನ್ನು ಹಾಗೆ ತೋರಿಸುತ್ತಿದ್ದರಂತೆ. ನಮ್ಮ ಹುಡುಗ ಧರ್ಮ ನಾಲೆಯಲ್ಲಿ ಮುಳುಗಿದಾಗ ದಂಡೆಯ ಮೇಲೆ ನಿಂತಿದ್ದ ನನ್ನ ಕೈ ಎಲ್ಲಿತ್ತೋ ನೆನಪಿಲ್ಲ. ನೀನು ನೋಡಿದ್ದೀಯ.

ಮಹಾಲಯ ಅಮಾವಾಸ್ಯೆಗೆ ಅವ್ವ ಮೊಮ್ಮಗನಿಗೆ ಎಡೆ ಇಟ್ಟಳು. ಅವನ ಫೋಟೋಗಳನ್ನೆಲ್ಲ ನೀನು ಒಲೆಗೆ ಹಾಕಿ ಹೋದ ಮೇಲೆ ಮನೆಯಲ್ಲಿ ಒಂದೂ ಇಲ್ಲ. ನಿನ್ನನ್ನು ದೂರುತ್ತಿಲ್ಲ. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅವಳು ಆ ಹಾಳೆಯನ್ನು ಗೋಡೆಗೆ ಒರಗಿಸಿ, ಬಿದ್ದ ಹುಡುಗನ ಹಣೆಗೆ ಕುಂಕುಮವಿಟ್ಟು, ಮುಂದೆ ಕಜ್ಜಾಯ ಬಡಿಸಿದ್ದಳು. “ಮಗ ಬಿದ್ದವ್ನೆ, ಅಪ್ಪ ನೋಡ್ತಾ ನಿಂತವ್ನೆ. ನಮ್ಮನೇದೇ ಕಣ್ಲಾ ಇದು” ಅಂದಳು. ಮಾರನೆಯ ಬೆಳಿಗ್ಗೆ ಒದ್ದೆ ಬಟ್ಟೆಯಿಂದ ಕುಂಕುಮ ಒರೆಸಿದಳು. ಮುಖವೂ ಬಟ್ಟೆಗೆ ಬಂತು.

ಎಸ್‌ಟಿಡಿ ಬೂತಿನಿಂದ ಮೇಷ್ಟ್ರಿಗೆ ಹೇಳಿದೆ. “ನೀವೇ ಬಿಡಿಸಿಬಿಡಿ. ಅವರ ಚಿತ್ರಗಳಲ್ಲಿ ಎಲ್ಲರದೂ ಒಂದೇ ಮುಖ, ಹುಣ್ಣಿಮೆ ಚಂದ್ರ. ಯಾರದಾದರೂ ಆಗುತ್ತೆ” ಅಂದರು. ಇಪ್ಪತ್ತೈದರ ಸೋಮವಾರ ಬಂದು ಒಯ್ಯುತ್ತಾರೆ. ಯಾರದಾದರೂ ಆಗುವುದಾದರೆ ಧರ್ಮನದೇ ಆಗಲಿ ಎಂದುಕೊಂಡೆ. ಎಲ್ಲಾದರೂ ಒಂದು ಕಡೆ ಇರಲಿ ಅವನು.

ಅತ್ತೆಗೆ ನನ್ನ ನಮಸ್ಕಾರ ಹೇಳು. ಚಳಿ ಶುರುವಾಗುವ ಮೊದಲು ನಿನ್ನ ಶಾಲು ಕಳಿಸುತ್ತೇನೆ.

ನಿನ್ನ
ಶಿವಶಂಕರ

ಮರೆತಿದ್ದೆ: ಬೇರೆ ಕಾಗದದ ಮೇಲೆ ಆರು ಸಲ ಬಿಡಿಸಿದೆ. ಅವ್ವ ನೋಡಿ, “ಇವ್ನ್ಯಾರಪ್ಪ?” ಅಂದಳು. ವಾಣಿ, ಅವನ ಮುಖ ನನಗೆ ಬರುತ್ತಿಲ್ಲ. ಹೇಗಿದ್ದ ಅಂತ ನಾಲ್ಕು ಸಾಲು ಬರೆದು ಕಳಿಸು, ಓದಿಕೊಂಡು ಬಿಡಿಸುತ್ತೇನೆ. ಹುಬ್ಬಿನಿಂದ ಶುರುಮಾಡು.