ಕುಂಕುಮ ಹಚ್ಚಿದ ಬಿಲ್ಲೆಗಳು

ರಾಲಿ, ನಾರ್ತ್ ಕೆರೊಲಿನಾ
೧೪ ಡಿಸೆಂಬರ್ ೧೯೯೬

ಪ್ರೀತಿಯ ಅತ್ತೆಯವರಿಗೆ ಸೌಮ್ಯಾಳ ಶರಣಾರ್ಥಿಗಳು.

ಮೊಣಕಾಲು ನೋವು ಹೇಗಿದೆ? ಕಲಬುರ್ಗಿಯಲ್ಲೂ ಈಗ ಚಳಿ, ಎಣ್ಣೆ ಹಚ್ಚಿಕೊಳ್ಳುವುದನ್ನು ಬಿಡಬೇಡಿ. ನಾನು ಫೋನ್ ಮಾಡಿದಾಗಲೆಲ್ಲ ಊರ್ಮಿಳಾ ಎತ್ತಿ "ಅವ್ವ ಮಲಗ್ಯಾಳ, ವೈನಿ" ಅನ್ನುತ್ತಾಳೆ. ನಿಮ್ಮ ಮಗಳಿಗೆ ಸುಳ್ಳು ಹೇಳಲು ಬರುವುದಿಲ್ಲ ಬಿಡಿ, ಹಾಡುಹಗಲೇ ಮಲಗುವವರೇ ನೀವು? ಅದಕ್ಕೇ ಈ ಕಾಗದ. ಬೇಕಾದರೆ ಮಲಗಿಕೊಂಡೇ ಓದಿ, ಆದರೆ ಪೂರ್ತಿ ಓದಿ.

ಗೆದ್ದೆ ಅತ್ತೀ! ಅಷ್ಟು ದುಬಾರಿ ಟೈಟಾನಿಯಂಗೆ ಮೇಲೊಂದು ಲೇಪ ಯಾಕೆ ಅಂತ ಇಲ್ಲಿದ್ದಾಗ ಕೇಳುತ್ತಿದ್ದಿರಲ್ಲ. ಅದು ಹಗುರ, ಗಟ್ಟಿ, ತುಕ್ಕು ಹಿಡಿಯುವುದಿಲ್ಲ. ಆದರೆ ಇನ್ನೊಂದು ಲೋಹಕ್ಕೆ ಉಜ್ಜಿದರೆ ಕಚ್ಚಿಕೊಂಡು ತನ್ನ ಮೈಯನ್ನು ತಾನೇ ಕಿತ್ತುಕೊಳ್ಳುತ್ತದೆ. ಅದಕ್ಕೇ ಟಂಗ್‌ಸ್ಟನ್ ಕಾರ್ಬೈಡ್ ಪುಡಿಯನ್ನು ಉರಿಯಲ್ಲಿ ಕಾಯಿಸಿ, ಬಂದೂಕಿನ ಗುಂಡಿನ ಹಾಗೆ ಅದರ ಮೇಲೆ ಎರಚುವುದು. ಆ ಲೇಪ ಕಚ್ಚಿ ನಿಲ್ಲಬೇಕು, ನನ್ನ ಕೆಲಸವೆಲ್ಲ ಅಷ್ಟೇ. ಕೆಳಗೆ ಚೂರು ಎಣ್ಣೆಯ ಪಸೆ ಇದ್ದರೂ ಅದು ನಿಲ್ಲುವುದಿಲ್ಲ.

ಮಹಾನವಮಿಗೆ ನಾನು ಲ್ಯಾಬಿನಿಂದ ತಂದಿದ್ದ ಟೈಟಾನಿಯಂ ಬಿಲ್ಲೆಗಳಲ್ಲಿ ಮೂರನ್ನು ನೀವು ದೇವರ ಮುಂದಿಟ್ಟು, ಎಣ್ಣೆಗೈಯಲ್ಲೇ ಕುಂಕುಮ ಹಚ್ಚಿ ಪೂಜೆ ಮಾಡಿದಿರಿ. ಇನ್ನು ಮೂರು ಕಾರಿನಲ್ಲೇ ಉಳಿದಿದ್ದವು. ಆರನ್ನೂ ತೊಳೆದು ಒರೆಸಿ ಫೋರ್ಟ್ ಮಿಲ್ ಹತ್ತಿರದ ವರ್ಕ್‌ಶಾಪಿಗೆ ಒಯ್ದು ಲೇಪ ಹಾಕಿಸಿದೆ. ಲ್ಯಾಬಿನಲ್ಲಿ ಉಜ್ಜುವ ಯಂತ್ರಕ್ಕೆ ಕೊಟ್ಟದ್ದೇ ತಡ, ಲೇಪ ಗೋಡೆಯ ಸುಣ್ಣದ ಹಾಗೆ ಎದ್ದು ಬಂತು. ಬಾಸ್ ಇನ್ನೊಂದೇ ಅವಕಾಶ ಅಂದ. ನೌಕರಿ ಹೋದರೆ ವೀಸಾ ಹೋಯಿತು, ಜೊತೆಗೆ ನಿಮ್ಮ ಮಗ ಸಿದ್ಧಲಿಂಗೇಶರ ಓದೂ ಹೋಯಿತು. ಅವರಿಗೋ ಸಿಟ್ಟು ಮೂಗಿನ ತುದಿಯಲ್ಲೇ. "ಅವ್ವಾ, ನಿನ್ನ ಪೂಜಾದಿಂದ ಇಕೀ ನೌಕರಿ ಹೋಗೂ ಹಂಗಾತು" ಅಂದುಬಿಟ್ಟರು. ನೀವು ಅವತ್ತೇ ಪೆಟ್ಟಿಗೆ ಕಟ್ಟತೊಡಗಿದಿರಿ. ಅಟ್ಲಾಂಟಾದ ರಾಮಲಿಂಗಪ್ಪ ಅಂಕಲ್ ಊರಿಗೆ ಹೊರಟಿದ್ದೇ ನೆಪವಾಗಿ ಅವರ ಜೊತೆ ವಿಮಾನ ಹತ್ತಿದಿರಿ. ಅವತ್ತಿನಿಂದ ಮನೆ ಬಿಕೋ ಅನ್ನುತ್ತಿದೆ.

ಈಗ ಕೇಳಿ. ನೀವು ಹೋದ ಮೇಲೆ ಆ ಬಿಲ್ಲೆಗಳನ್ನು ಮತ್ತೆ ಹರವಿಕೊಂಡು ಕೂತೆ. ಮೂರರ ಹಿಂಬದಿಯಲ್ಲಿ, ಕೊರೆದ ನಂಬರಿನ ಸಂದಿಯಲ್ಲಿ, ನಿಮ್ಮ ಕುಂಕುಮ ಇನ್ನೂ ಕೂತಿತ್ತು! ಉಳಿದವು ಸ್ವಚ್ಛ. ಆದರೆ ಲೇಪ ಎದ್ದಿದ್ದು ಎಲ್ಲಕ್ಕೂ ಒಂದೇ ಸಮ, ನೀವು ಮುಟ್ಟದವಕ್ಕೂ. ಹಾಗಾದರೆ ತಪ್ಪು ನಿಮ್ಮದು ಹೇಗಾಗುತ್ತದೆ? ಮರುದಿನವೇ ಫೋರ್ಟ್ ಮಿಲ್‌ಗೆ ಡ್ರೈವ್ ಮಾಡಿದೆ. ಲೇಪಕ್ಕೆ ಮುಂಚೆ ಗಾಳಿಯ ರಭಸದಲ್ಲಿ ಮರಳಿನಂಥ ಪುಡಿ ಹೊಡೆದು ಬಿಲ್ಲೆಯ ಮೈ ತರಿತರಿ ಮಾಡುತ್ತಾರೆ. ಪುಡಿ ನಿಲ್ಲಿಸಿ, ಬರೀ ಗಾಳಿಗೆ ನನ್ನ ಬಿಳಿ ಕರವಸ್ತ್ರ ಹಿಡಿದೆ. ಹಳದಿ ಎಣ್ಣೆ ಕಲೆ! ಅವರ ಕಂಪ್ರೆಸರಿನ ಎಣ್ಣೆ ಗಾಳಿಯ ಜೊತೆ ಬಂದು ಎಲ್ಲ ಬಿಲ್ಲೆಗಳಿಗೂ ಮೆತ್ತುತ್ತಿತ್ತು. ಗೂಬೆ ಕೂರಿಸಿದ್ದು ಮಾತ್ರ ನಿಮ್ಮ ತಲೆಯ ಮೇಲೆ.

ಆ ಕಂಪ್ರೆಸರಿನ ಫಿಲ್ಟರ್ ಬದಲಾಯಿಸಿ ಹೊಸ ಬಿಲ್ಲೆಗಳಿಗೆ ಲೇಪ ಹಾಕಿಸಿದೆ. ನಿನ್ನೆ ಪರೀಕ್ಷೆ. ಯಂತ್ರ ಬೆಳಿಗ್ಗೆಯಿಂದ ಸಂಜೆಯವರೆಗೆ ಉಜ್ಜಿತು. ಬರೀ ಟೈಟಾನಿಯಂ ಬಿಲ್ಲೆಯಲ್ಲಿ ನೇಗಿಲು ಹೊಡೆದಂಥ ಗೀರು. ನನ್ನದರಲ್ಲಿ ಉಗುರಿಗೂ ತಾಗದ ಗೆರೆ. ನಾನು ಲ್ಯಾಬಿನಲ್ಲೇ ಕೂಗಿಬಿಟ್ಟೆ, ಎಲ್ಲರೂ ಬೆಚ್ಚಿಬಿದ್ದರು. ಬಾಸ್ ಕೈ ಕುಲುಕಿ, ಕೆಲಸ ಗಟ್ಟಿ ಅಂದ. ಆಗ ಮೊದಲು ನೆನಪಾಗಿದ್ದು ನೀವು ಅತ್ತೀ. ನೀವು ಇಲ್ಲಿಲ್ಲವಲ್ಲ ಅಂತ ಅಳುವೇ ಬಂತು.

ಸುಳ್ಳು ಹೇಳಿದ್ದು ಸಾಕು ಅಂತ ಊರ್ಮಿಳಾಗೆ ಹೇಳಿ, ಇನ್ನು ಫೋನ್ ನೀವೇ ಎತ್ತಿ. ನಿಮ್ಮ ಕೈ ನನ್ನ ತಲೆಯ ಮೇಲಿರಲಿ.

ನಿಮ್ಮ ಸೊಸೆ,
ಸೌಮ್ಯಾ

ತಾ.ಕ.: ಆ ಕರವಸ್ತ್ರ ತೋರಿಸಿದ ದಿನದಿಂದ ನಿಮ್ಮ ಮಗ ಫೋನಿನ ಸುತ್ತ ಸುತ್ತುತ್ತಾರೆ, ಎತ್ತುವ ಧೈರ್ಯವಿಲ್ಲ. ಈಗ ಲಕೋಟೆ ಅಂಟಿಸಬೇಕು ಅನ್ನುವಷ್ಟರಲ್ಲಿ ಪೆನ್ನು ಕಸಿದುಕೊಂಡರು. ಕೆಳಗಿನದು ಅವರ ಅಕ್ಷರ.

ಅವ್ವಾ, ತಪ್ಪಾತು. ಎಷ್ಟ ಬೇಕಾದ್ರೂ ಬೈ. ಸುಮ್ಮನ ಮಾತ್ರ ಇರಬ್ಯಾಡ.